ಹಳದಿ ವಾಕರಿಗೊಂದು ಹಾರ್ನ್

ಪೀಂ, ಮತ್ತೆ ಪೀಂ, ಅಧಿಕಾರಿಯ ಹೆಬ್ಬೆರಳು ಹಾರ್ನಿನ ರಬ್ಬರು ಉಂಡೆಯನ್ನು ಬಿಡುತ್ತಲೇ ಇಲ್ಲ, ಇಷ್ಟು ದೊಡ್ಡ ಮನುಷ್ಯ, ಕೈಯಲ್ಲಿ ಮಾತ್ರ ಮಗುವಿನ ಆಸೆ, ಒತ್ತಪ್ಪಾ ಒತ್ತು, ಒತ್ತಿದಷ್ಟೂ ನನ್ನ ಕೇಸು ಮುಳುಗುತ್ತದೆ, ಎಂದುಕೊಂಡಳು ಅವಳು — ಕಸ್ಟಮ್ಸ್ ಕಚೇರಿಯ ಕೋಣೆ, ಶಾಯಿಯ ವಾಸನೆ, ಮೇಜಿನ ಮೇಲೆ ಅವಳ ಅಂಗಡಿಗೆಂದು ಹೊರದೇಶದಿಂದ ತರಿಸಿದ ಹಳದಿ ವಾಕರ್, ಕಾಲಲ್ಲಿ ಬಲವಿಲ್ಲದ ಮಕ್ಕಳು ಬೆನ್ನ ಹಿಂದಿಟ್ಟುಕೊಂಡು ಎರಡೂ ಪಕ್ಕ ಹಿಡಿದು ನಡೆಯುವಂಥದ್ದು, ಇದರ ಒಡಹುಟ್ಟಿದವೆಲ್ಲ ಬಂದರಿನ ಗೋದಾಮಿನಲ್ಲಿ ಬಂದಿ, ಗಾಲಿ ಇದೆ, ಬಾತುಕೋಳಿ ಚಿತ್ರ ಇದೆ, ಹಾರ್ನ್ ಬೇರೆ ಇದೆ, ಆಟಿಕೆ ಅಲ್ದೆ ಇನ್ನೇನಮ್ಮಾ, ಆಟಿಕೆ ತರಿಸೋಕೆ ಲೈಸೆನ್ಸ್ ಬೇಕು, ನಿಮ್ಮತ್ರ ಇಲ್ಲ — ಎಂದವನು ಅಧಿಕಾರಿಯಲ್ಲ, ಪಕ್ಕದ ಗುಮಾಸ್ತ, ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಹಾರ್ನ್ ಯಾರು ಹಾಕಿಸಿದ್ದು ಅಂತ ಕೇಳದಿದ್ದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ತಾನೇ, ಬೂದು ಬಣ್ಣ ಬೇಡ, ಬಾತುಕೋಳಿ ಬರೆಯಿರಿ, ಒಂದು ಹಾರ್ನ್ ಇರಲಿ ಎಂದು ಕಾರ್ಖಾನೆಯವರಿಗೆ ಹೇಳಿ ಹೇಳಿ ಮಾಡಿಸಿದ್ದು, ಯಾಕೆಂದರೆ ಅಕ್ಕನ ಮಗಳು ಗುಬ್ಬಿ ಹಳೆಯ ಬೂದು ವಾಕರ್ ನೋಡಿದ್ದೇ ಮುಖ ತಿರುಗಿಸಿ, ಚಿಕ್ಕಮ್ಮಾ ಅದು ಅಜ್ಜೀರ್ದು, ನಂಗೆ ಬೇಡ, ಅಂದು ಗೋಡೆಗೊರಗಿ ಕೂತೇಬಿಟ್ಟಳು, ಡಾಕ್ಟರು ಹೇಳಿದ್ದಾರೆ, ಈಗ ನಿಂತ್ರೆ ನಿಂತ್ಲು, ತಡ ಮಾಡಿದ್ರೆ ಕಾಲು ನಡೆಯೋದನ್ನೇ ಮರೆತುಬಿಡುತ್ತೆ. ಸರಕು ಬಿಡಿಸಿಕೊಡಲು ಅವಳು ಗೊತ್ತುಮಾಡಿದ ಏಜೆಂಟು ಕಿವಿಯ ಹತ್ತಿರ ಬಗ್ಗುತ್ತಾನೆ, ಆಟಿಕೆ ಅಂತ ಒಪ್ಕೊಂಬಿಡಿ ಮೇಡಂ, ಲೈಸೆನ್ಸಿಗೆ ಅರ್ಜಿ ಹಾಕೋಣ, ಒಂದು ವರ್ಷ ಅಂದ್ಕೊಳ್ಳಿ — ವರ್ಷವಂತೆ, ಮಗು ಅಲ್ಲಿಯವರೆಗೆ ಬೆಳೆಯದೆ ಕಾಯುತ್ತದೆಯೇ, ಆಗ ಈ ಅಳತೆ ಗುಬ್ಬಿಯ ಸೊಂಟಕ್ಕೂ ಸಾಲದು, ಒಪ್ಪುವುದಿಲ್ಲ, ಒಪ್ಪಿದರೆ ಅಕ್ಕನ ಮುಖ ಹೇಗೆ ನೋಡಲಿ.

ಅಧಿಕಾರಿ ಪೆನ್ನು ತೆಗೆದ, ಬರೆಯಲು ಜಾಗ ಬೇಕೆಂದೋ ಏನೋ ವಾಕರನ್ನು ನೆಲಕ್ಕಿಳಿಸಿದ, ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡ, ಅದು ಬರಲಿಲ್ಲ, ಮತ್ತೆ ಎಳೆದ, ಗಾಲಿ ಕಚ್ಚಿ ನಿಂತಿತು. ಇದೇನ್ರೀ, ಕೆಟ್ಟುಹೋಗಿದೆಯಾ — ಇಲ್ಲ ಸರ್, ಅದು ಮುಂದಕ್ಕೆ ಮಾತ್ರ ಹೋಗೋದು, ಹಿಂದಕ್ಕೆ ಬರಲ್ಲ, ಎಂದಳು, ಯಾಕೆ ಎಂದ, ಕಾಲು ಸೋತಾಗ ಮಗು ಹಿಂದಕ್ಕೆ ಅದಕ್ಕೇ ಒರಗುತ್ತಲ್ಲ ಸರ್, ಗಾಲಿ ಹಿಂದಕ್ಕೆ ಉರುಳಿದ್ರೆ ಮಗು ಬೀಳುತ್ತೆ, ಎಂದಳು, ಎಂದ ಮೇಲೆ ತನ್ನ ಮೇಲೇ ನಗು ಬಂತು, ಇಷ್ಟು ಹೊತ್ತು ಬಣ್ಣಕ್ಕೂ ಹಾರ್ನಿಗೂ ಮನಸ್ಸಿನಲ್ಲೇ ಸಮಜಾಯಿಷಿ ಹುಡುಕಿದ್ದೇ ಬಂತು, ದಿನಾ ನೋಡುವವಳಿಗೆ ಇದು ಹೇಳಬೇಕಾದ ಮಾತು ಎಂದು ಹೊಳೆಯಲೇ ಇಲ್ಲ, ನನ್ನ ಬುದ್ಧಿಗಿಷ್ಟು. ಗುಮಾಸ್ತ, ಆದ್ರೂ ಸರ್ ಹಾರ್ನು, ಎಂದ. ಹಾರ್ನ್ ಇರ್ಲಿ ಬಿಡ್ರೀ, ಮಕ್ಕಳಲ್ವಾ, ಎಂದ ಅಧಿಕಾರಿ ಕುರ್ಚಿಯಿಂದ ಎದ್ದು ವಾಕರಿನ ಒಳಗೆ ನಿಂತಂತೆ ಬಗ್ಗಿ, ಎರಡೂ ಕೈಯಿಂದ ಹಿಡಿದು, ಹಿಂದಕ್ಕೆ ಭಾರ ಬಿಟ್ಟ, ಗಾಲಿ ನಿಂತಿತು, ಆಟಿಕೆ ಅನ್ನೋದನ್ನ ಹೊಡೆದುಹಾಕಿ, ಅಂಗವಿಕಲರ ಸಲಕರಣೆ ಅಂತ ಬರೀರಿ, ಸರಕು ಬಿಡಿ, ಎಂದದ್ದು ಅವಳ ಕಿವಿಗೆ ಬಿತ್ತು, ಅಕ್ಕನಿಗೆ ಫೋನ್ ಮಾಡಬೇಕು, ಏಜೆಂಟು ಏನೋ ಹೇಳುತ್ತಿದ್ದಾನೆ, ಕೇಳಿಸುತ್ತಿಲ್ಲ, ಅಧಿಕಾರಿ ಮತ್ತೊಮ್ಮೆ ಭಾರ ಬಿಡುತ್ತಾನೆ, ಗಾಲಿ ನಿಲ್ಲುತ್ತದೆ, ಅವನ ಕೈಯ ಜಾಗದಲ್ಲಿ ಎರಡು ಪುಟ್ಟ ಕೈ, ಕಾಲು ನಡುಗುತ್ತದೆ, ಬೆನ್ನು ಒರಗುತ್ತದೆ, ಗಾಲಿ ನಿಲ್ಲುತ್ತದೆ, ಬೀಳುವುದಿಲ್ಲ ಗುಬ್ಬಿ, ಗಾಲಿ ನಿಲ್ಲುತ್ತದೆ —