ಒಲೆಯ ಮೇಲಿನ ತಾರಸಿ

"ಜಾಕಿ ಬಿಚ್ರೋ ಅಂದ್ರೆ ಕಂಬದ ಹಾಗೆ ನಿಂತಿದ್ದೀರಲ್ಲೋ, ಬೋಳಿಮಕ್ಕಳಾ! ತಾರಸಿ ಗಟ್ಟಿಯಾಗಿದೆ ಅಂತ ಫೋನೇ ಹೇಳ್ತಿದೆ. ಅದಕ್ಕಿಂತ ಬುದ್ಧಿವಂತರಾ ನೀವು?"

ಇಂಜಿನಿಯರ್ ಚಳಿಗಾಲದ ಬಿಸಿಲಲ್ಲಿ ನಿಂತು ಕೂಗುತ್ತಿದ್ದ. ಕಾಂಕ್ರೀಟ್ ಹಾಕಿ ಆರು ದಿನವಾಗಿತ್ತು. ಹಾಕುವಾಗಲೇ ಅಂಗಿಯ ಗುಂಡಿಯಂಥ ಯಂತ್ರವೊಂದನ್ನು ಅದರೊಳಗೆ ಹೂತಿದ್ದರು. ಅದು ಒಳಗಿನ ಕಾವು ಅಳೆದು, ತಾರಸಿ ಎಷ್ಟು ಗಟ್ಟಿಯಾಯಿತೆಂದು ಫೋನಿಗೆ ತಿಳಿಸುತ್ತಿತ್ತು. ಈಗ ಪರದೆ ಹಸಿರಾಗಿತ್ತು.

ತಾರಸಿಯನ್ನು ಹೊತ್ತು ನಿಂತ ಕಬ್ಬಿಣದ ಜಾಕಿಗಳನ್ನು ಕೆಳಗೆ ಹೋಗಿ ಬಡಿದು ಬಿಚ್ಚಬೇಕಾದವನು ಸೆಂಟ್ರಿಂಗ್ ಕೆಲಸದವನು. ತಾರಸಿಗೆ ದಿನವೂ ನೀರು ಹಾಕುವ ಅವನ ಅಕ್ಕ ಅವನ ಅಂಗಿ ಹಿಡಿದುಕೊಂಡಿದ್ದಳು.

"ಸಾಮಿ, ಈ ಚಳಿಗೆ ಆರು ದಿನಕ್ಕೆಲ್ಲಾ ಎಲ್ಲಿ ಗಟ್ಟಿಯಾಗುತ್ತೆ? ಇನ್ನೂ ಹಸಿ ಇದೆ. ಇವನ ತಲೆ ಮೇಲೆ ಬಿದ್ರೆ?"

"ನೀರು ಹೊರೋಳು ನನಗೆ ಪಾಠ ಹೇಳ್ತೀಯಾ? ಅನ್ನ ಬೆಂದಿದೆಯಾ ನೋಡೋಕೆ ಇಡೀ ಮಡಕೆ ಹಿಸುಕ್ತೀಯೇನೇ? ಒಂದು ಅಗುಳು ಸಾಕು."

"ಸಾಕು ಸಾಮಿ. ಆ ಅಗುಳು ಎಲ್ಲಿದೆ, ತೋರಿಸಿ."

ಇಂಜಿನಿಯರ್ ಫೋನು ನೋಡಿ ಎಡಗಡೆಯ ಮೂಲೆಗೆ ಬೆರಳು ಮಾಡಿದ. ಎಲ್ಲರೂ ತಿರುಗಿದರು. ಆ ಮೂಲೆಯ ಕೆಳಗೆ ಮೂರು ಇಟ್ಟಿಗೆಯ ಒಲೆ. ಗಾಳಿ ಬೀಸದ ಜಾಗವೆಂದು ಅಕ್ಕ ಆರು ದಿನದಿಂದ ಹದಿನೆಂಟು ಜನಕ್ಕೂ ಅಲ್ಲೇ ಬೇಯಿಸಿ ಹಾಕುತ್ತಿದ್ದಳು. ಒಲೆಯ ಮೇಲೆ ತಾರಸಿಗೆ ಅಡಿಯಾಗಿ ಕೊಟ್ಟಿದ್ದ ತಗಡು ಮಸಿ ಹಿಡಿದು ಎಮ್ಮೆಯ ಬೆನ್ನಿನಂತಾಗಿತ್ತು.

ಯಾರೋ ಕಿಸಕ್ಕೆಂದರು.

"ನೀವು ಹಿಸುಕಿದ್ದು ತಳ ಹಿಡಿದ ಅಗುಳು ಸಾಮಿ," ಎಂದಳು ಅಕ್ಕ. "ಮಿಕ್ಕಿದ್ದೆಲ್ಲಾ ಅಕ್ಕೀನೇ."

ಇಂಜಿನಿಯರನ ಕಿವಿ ಕೆಂಪಾಯಿತು. "ನಾಳೆ ಮಾಲೀಕರು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಬಿಚ್ಚದಿದ್ರೆ ನಿಮ್ಮ ಶೆಡ್ಡುಗಳನ್ನೆಲ್ಲಾ ಕಿತ್ತು, ಹೆಂಡ್ರು ಮಕ್ಕಳ ಸಮೇತ ಬೀದಿಗೆ ಹಾಕ್ತೀನಿ!"

ನಗು ನಿಂತಿತು. ತಮ್ಮ ಮೆಲ್ಲಗೆ ಅಕ್ಕನ ಕೈ ಬಿಡಿಸಿಕೊಂಡ. ಸುತ್ತಿಗೆ ಹಿಡಿದು ತಾರಸಿಯ ಕೆಳಗೆ ಹೋದ. ಒಲೆಯ ಮೂಲೆ ಬಿಟ್ಟು, ನಟ್ಟನಡುವಿನ ಜಾಕಿಯ ಬುಡದಲ್ಲಿ ಎರಡು ಇಟ್ಟಿಗೆ ಜೋಡಿಸಿ, ಹೆಗಲ ಟವೆಲಿನಿಂದ ಧೂಳು ಒರೆಸಿದ.

"ಬನ್ನಿ ಸಾರ್, ಕೂತ್ಕೊಳ್ಳಿ. ನೀವು ಕೂತ ಕೂಡಲೇ ಮೊದಲನೇ ಏಟು."

"ಏನೋ, ಕೊಬ್ಬಾ?"

"ಅಯ್ಯೋ, ಕೊಬ್ಬಲ್ಲ ಸಾರ್. ನಿಮ್ಮ ಫೋನಿನ ಮೇಲಿರೋ ನಂಬಿಕೆ."

ಮೊದಲು ಅಕ್ಕ, ಅವಳ ಹಿಂದೆ ಉಳಿದವರೆಲ್ಲ, ಬಯಲಾಟ ನೋಡುವವರಂತೆ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತರು. ಇಂಜಿನಿಯರ್ ಒಂದು ಹೆಜ್ಜೆ ಇಟ್ಟ. ಬೂಟಿನ ತುದಿ ತಾರಸಿಯ ನೆರಳಿಗೆ ತಾಗಿ, ಅಲ್ಲೇ ನಿಂತಿತು. ಕೈಯಲ್ಲಿದ್ದ ಫೋನು ಟಿಣ್ ಎಂದು, ಹೆಣ್ಣು ದನಿಯಲ್ಲಿ ಮತ್ತೊಮ್ಮೆ ಹೇಳಿತು: "ತಾರಸಿ ಸಿದ್ಧವಾಗಿದೆ."

"ಅದು ಸಿದ್ಧವಂತೆ ಸಾರ್." ತಮ್ಮ ಅಂಗೈಗೆ ಉಗಿದುಕೊಂಡು ಸುತ್ತಿಗೆ ಎತ್ತಿ ಹಿಡಿದ. "ನೀವು?"