ರಂಗಂಪೇಟೆ ದಾರಿಯ ಅರ್ಧ ಚಾ

ಮುನ್ನೂರಾ ಹನ್ನೆರಡು! ರಕ್ತ ಪರೀಕ್ಷೆಯ ಚೀಟಿಯನ್ನು ತಿರುವಿ ಮುರುವಿ ನೋಡಿದೆ. ಮೂರು ತಿಂಗಳ ಹಿಂದೆ, ನನ್ನ ಗಂಡ ಮನೆ ಬಿಟ್ಟು ನಾಲ್ಕು ಹೆಜ್ಜೆ ನಡೆಯದಿದ್ದಾಗ, ಸಕ್ಕರೆ ಇನ್ನೂರಾ ಅರವತ್ತಿತ್ತು. ಈಗ ದಿನಾ ಸುರಪುರದಿಂದ ರಂಗಂಪೇಟೆಗೆ ನಡೆದು ಹೋಗಿ ಬರುವ ಮನುಷ್ಯನಿಗೆ ಮುನ್ನೂರಾ ಹನ್ನೆರಡು!

“ಹಿಂಗೇ ಇದ್ರ ಕಣ್ಣು ಹೋಗ್ತಾವ ನೋಡ್ರಿ,” ಅಂದರು ಡಾಕ್ಟರು.

ನಮ್ಮ ಮನೆಯವರು, ದೇವಿಂದ್ರ, ಟೇಲರ್ ಮಾಸ್ತರ್. ಕಣ್ಣು ಹೋದರೆ ಕೈಯೂ ಹೋದಂತೆಯೇ. ಈಗಾಗಲೇ ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುತ್ತಾರೆ. ಹಾಗಲಕಾಯಿ ರಸ ಮೂರು ದಿನ ನಡೆದಿತ್ತು, ಯೋಗಾಸನ ಐದು ದಿನ. ಬೆಳಗಿನ ನಡಿಗೆಯೊಂದೇ ರೂಢಿಯಾಗಿ ನಿಂತಿತ್ತು. ನಸುಕಿನಲ್ಲೇ ಎದ್ದು ಸಿಳ್ಳೆ ಹಾಕುತ್ತ ಹೋಗುವರು. ಮನೆಯಲ್ಲಿ ಅನ್ನ ಬಂದ್, ಬರೀ ಜೋಳದ ರೊಟ್ಟಿ, ಪುಂಡಿಪಲ್ಯ. ಇನ್ನು ಸಕ್ಕರೆ ಏರಿದ್ದು ಎಲ್ಲಿಂದ?

ಮರುದಿನ ಅವರಿಗೆ ತಿಳಿಯದಂತೆ ಹಿಂದೆಯೇ ಹೊರಟೆ.

ಓಣಿ ದಾಟುವುದರೊಳಗೆ ಸುಲ್ತಾನಸಾಬರ ಮನೆ. ಅವರು ಬಾಗಿಲಲ್ಲೇ ಕಾಯುತ್ತಿದ್ದರು. “ಬರ್ರಿ ಮಾಸ್ತರ, ಚಾ ತಯಾರ್ ಅದ.”

“ಸಕ್ರಿ ಕಾಯಿಲಿ ಅದರಿ ನನಗ.”

“ಗೊತ್ತದರಿ. ಅದಕ್ಕೇ ಅರ್ಧಾ ಕಪ್ ಕೊಡಾಕತ್ತೇನಿ!”

ಕುಡಿದರು. ಮುಂದಿನ ಮನೆಯಲ್ಲೂ ಅರ್ಧ. ಅದರ ಮುಂದೆಯೂ ಅರ್ಧ. ನಾನು ದಂಗಾಗಿ ಹೋದೆ. ನಮ್ಮ ಕಡೆ ಬಾಗಿಲ ಮುಂದೆ ಹಾಯ್ದವರನ್ನು ಚಾ ಕೊಡದೆ ಬಿಡುವುದಿಲ್ಲ. ಬೇಡವೆಂದರೆ ಆ ಮನೆಯವರ ಮುಖ ಒಂದು ವಾರ ಊದಿಕೊಂಡಿರುತ್ತದೆ. ಹಾಗಂತ ಆರು ಮನೆಯಲ್ಲಿ? ಆರು ಅರ್ಧ ಅಂದರೆ ಮೂರು ಕಪ್, ಅದೂ ಚಮಚ ನಿಲ್ಲುವಷ್ಟು ಸಕ್ಕರೆಯದು!

ಆರನೆಯದು ರಂಗಂಪೇಟೆಯ ಹಿಟ್ಟಿನ ಗಿರಣಿ ಮೋನಮ್ಮನ ಮನೆ. ಅಲ್ಲಿ ನನಗೆ ತಡೆಯಲಾಗಲಿಲ್ಲ.

“ಎಲ್ಲಾರೂ ಕೂಡಿ ಇವರ ಕಣ್ಣು ತೆಗಿಯಾಕತ್ತೀರೇನು?” ಎಂದು ಚೀರಿದೆ. ಮುದುಕಿಯ ಕೈಯಲ್ಲಿದ್ದ ಚಾ ಸೀರೆಯ ಮೇಲೆ ಚೆಲ್ಲಿತು.

ನನ್ನನ್ನು ಕಂಡು ಇವರ ಮುಖ ಬಿಳಿಚಿಕೊಂಡಿತು. “ಅವರಿಗ್ಯಾಕ ಬೈತಿ ಚಂದ್ರಕಲಾ? ಇವರೆಲ್ಲಾ ದಾರಿ ಕಾಯ್ತಾರಂತ ನಾ ಏಳ್ತೀನಿ. ಇಲ್ಲಂದ್ರ ಆ ಹೊತ್ತಿನ್ಯಾಗ ಹಾಸಗಿ ಬಿಟ್ಟು ಯಾರು ಏಳ್ತಾರ?”

ಅದು ಸುಳ್ಳಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಮೋನಮ್ಮ ಕಪ್ ಕೆಳಗಿಟ್ಟಳು. “ತಪ್ಪಾತವ್ವ. ನಾಳಿಂದ ಚಾ ಕೊಡಂಗಿಲ್ಲ, ಬರೇ ಕೂಡ್ರಿಸಿ ಮಾತಾಡಿಸಿ ಕಳಸ್ತೀನಿ. ಉಳಿದವರಿಗೂ ಹೇಳ್ತೀನಿ. ಆದ್ರ ಒಂದು ಮಾತು ಕೇಳ್ಲಾ? ಮನಿಗಿ ಬಂದಮ್ಯಾಲ ನೀ ಏನು ಕೊಡ್ತಿ?”

“ನಾನಾ? ಬೆಲ್ಲದ ಚಾ...”

“ಎಷ್ಟು?”

ದೊಡ್ಡ ಸ್ಟೀಲಿನ ಗ್ಲಾಸು, ತುಂಬ. ಗಂಡ ಬೆವರು ಸುರಿಸಿ ಬಂದನೆಂಬ ಖುಷಿಗೆ ಮೂರು ತಿಂಗಳು ದಿನಾ ಕೊಟ್ಟಿದ್ದೆ. ಬೆಲ್ಲ ಸಕ್ಕರೆಯಲ್ಲವಲ್ಲ, ಒಳ್ಳೆಯದೇ ಎಂದುಕೊಂಡಿದ್ದೆ.

“ಬೆಲ್ಲಾನೂ ಅದೇ ಕಬ್ಬಿಂದು ಅಲ್ಲೇನವ್ವ?” ಎಂದು ಮೋನಮ್ಮ ಮೆಲ್ಲಗೆ ಕೇಳಿದಳು.

ಆರೂ ಮನೆಯವರನ್ನು ಸೇರಿಸಿ ಬೈದಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇವರ ಕಡೆ ತಿರುಗಿದೆ. “ನಿಮಗ ಗೊತ್ತಿತ್ತೇನ್ರಿ?”

ಇವರು ನೆಲ ನೋಡಿದರು. “ಡಾಕ್ಟರು ಮದಲೇ ಹೇಳಿದ್ರು, ಬೆಲ್ಲಾನೂ ಬ್ಯಾಡಂತ. ನೀ ಅಷ್ಟು ಖುಷಿಲೆ ಕೊಡ್ತಿದ್ದಿ... ಹ್ಯಾಂಗ ಬ್ಯಾಡ ಅನ್ಲಿ?”