ಶಕ್ತಿ ಮಾತ್ರೆ

“ನಾಲಿಗೆ ಎತ್ತೇ ಧರಣಿ! ನುಂಗಿದ್ಯೋ, ಕೆನ್ನೇಲಿ ಇಟ್ಕೊಂಡಿದ್ಯೋ ನೋಡ್ಬೇಕು. ಪುಗಸಟ್ಟೆ ಬಂದಿದ್ದಲ್ಲ ಇದು.”

ಅಡುಗೆ ಕಂಟ್ರಾಕ್ಟರ್ ದೊರೆಸ್ವಾಮಿ ನನ್ನ ಗದ್ದ ಹಿಡಿದು ಬಾಯೊಳಗೆ ಇಣುಕಿದ. ಅಗ್ರಹಾರದ ಛತ್ರದ ಹಿತ್ತಲಲ್ಲಿ ನಾವು ಹೆಂಗಸರು ಸಾಲಾಗಿ ನಿಂತಿದ್ದೆವು. ಒಲೆಯ ಬಳಿ ನಮ್ಮನ್ನು ಬಿಡುವುದಿಲ್ಲ. ತರಕಾರಿ ಹೆಚ್ಚಬೇಕು, ಕಾಯಿ ತುರಿಯಬೇಕು, ಹಂಡೆ ಉಜ್ಜಬೇಕು. ಮದುವೆ ಸೀಸನ್ ಮುಗಿಯುವ ತನಕ ಬೆಳಿಗ್ಗೆ ಸಂಜೆ ಒಂದೊಂದು ಶಕ್ತಿ ಮಾತ್ರೆ. ಮಹಾ ಧರ್ಮಾತ್ಮ!

ನನ್ನ ಅವ್ವ ಚಲುವಮ್ಮನೂ ಕೈ ಒಡ್ಡಿದಳು. ಮಂಡಿನೋವು, ಸುಸ್ತು ಎಲ್ಲ ಅವಳಿಗೇ ಹೆಚ್ಚು.

“ನಿಂಗ್ಯಾಕೆ ಮುದ್ಕಿ? ಹೋಗ್ ಕುಂಬ್ಳಕಾಯಿ ಹೆಚ್ಚೋಗು,” ಎಂದು ನಕ್ಕ. ಯಾಕೆ ನಕ್ಕನೆಂದು ನನಗೆ ಆಗ ಹೊಳೆಯಲಿಲ್ಲ.

ಮೂರು ತಿಂಗಳಿಂದ ನಾನು ಮುಟ್ಟಾಗಿರಲಿಲ್ಲ. ಯಾರಿಗೆ ಹೇಳಲಿ? ಹೊರಗಾದವಳನ್ನು ದೊರೆಸ್ವಾಮಿ ಗೇಟಿನಿಂದಲೇ ಅಟ್ಟುತ್ತಿದ್ದ. ಆ ಭಯಕ್ಕೆ ನಾವ್ಯಾರೂ ಆ ಮಾತನ್ನೇ ಎತ್ತುತ್ತಿರಲಿಲ್ಲ. ಗಂಡಸಿನ ಸಹವಾಸವೇ ಇಲ್ಲದವಳಿಗೆ ಹೀಗೇಕೆ? ಹೊಟ್ಟೆಯಲ್ಲಿ ಗಡ್ಡೆಯೇನಾದರೂ ಬೆಳೆಯುತ್ತಿದೆಯೇ? ಸ್ನಾನಕ್ಕೆ ಹೋದಾಗಲೆಲ್ಲ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಕೊನೆಗೆ, ನಿಶ್ಶಕ್ತಿಗೇ ನಿಂತಿರಬೇಕು ಎಂದುಕೊಂಡು ದೊರೆಸ್ವಾಮಿಯ ಹತ್ತಿರ ಇನ್ನೊಂದಷ್ಟು ಮಾತ್ರೆ ಬೇಡಿದೆ. ಅರ್ಧ ಪಟ್ಟಿ ಕತ್ತರಿಸಿ ಕೊಟ್ಟ. ನಂಬಿಕೊಂಡು ಅದನ್ನೂ ನುಂಗತೊಡಗಿದೆ.

ತಿಂಗಳ ಬಟ್ಟೆ ಹಗ್ಗಕ್ಕೆ ಬೀಳದ್ದನ್ನು ಅವ್ವ ಕಂಡುಹಿಡಿದಳು. ಜುಟ್ಟು ಹಿಡಿದು ಗೋಡೆಗೆ ಒತ್ತಿದಳು.

“ಯಾವನ್ದೇ ಮುಂಡೆ? ಬೊಗಳೇ!”

“ಯಾರ್ದೂ ಅಲ್ಲ ಕಣವ್ವ, ನಿನ್ನಾಣೆ.”

ನಂಬಲಿಲ್ಲ. ಹೊಡೆದಳು, ಆಮೇಲೆ ನನಗಿಂತ ಜೋರಾಗಿ ಅತ್ತಳು. ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

“ಮದ್ವೆ ಆಗಿಲ್ಲ, ಮೂರ್ ತಿಂಗ್ಳಂತೆ! ಉಚ್ಚೆ ಹಿಡ್ಕೊಂಡ್ ಬಾ ಹೋಗು,” ಎಂದು ನರ್ಸಮ್ಮ ಎಲ್ಲರಿಗೂ ಕೇಳುವಂತೆ ಕೂಗಿದಳು. ಕ್ಯೂನಲ್ಲಿದ್ದವರೆಲ್ಲ ನನ್ನ ಹೊಟ್ಟೆ ನೋಡಿದರು.

ಬಸುರಿಲ್ಲ ಎಂದು ಬಂತು. ಅವ್ವ ಕುಸಿದು ಕೂತಳು. ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ತೂಕ ಹಾಕಿಸಿ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀಯಾ ಎಂದರು. ಪರ್ಸಿನಲ್ಲಿದ್ದ ಪಟ್ಟಿ ತೋರಿಸಿದೆ.

“ಶಕ್ತಿ ಮಾತ್ರೆ ಮೇಡಂ.”

“ಯಾರಮ್ಮ ಹಾಗಂದಿದ್ದು? ಇದು ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ. ನುಂಗ್ತಾ ಇದ್ರೆ ಎಲ್ಲಿಂದ ಬರುತ್ತೆ?”

“ಮುಂದಕ್ಕೆ ಮಕ್ಳಾಯ್ತವಾ ಮೇಡಂ?”

“ಆಗ್ತವೆ, ಹೆದರ್ಬೇಡ. ಇದನ್ನ ನಿಲ್ಲಿಸು, ವಾರ ಹತ್ತು ದಿನದಲ್ಲಿ ಬರ್ಬಹುದು. ಬರ್ಲಿಲ್ಲ ಅಂದ್ರೆ ಥೈರಾಯ್ಡ್‌ಗೆ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡ್ಸೋಣ. ನಿಂಗೆ ತೂಕಾನೂ ಇಲ್ಲ. ಸರಿಯಾಗಿ ತಿನ್ನದೆ ಮೈಮುರಿದು ದುಡಿದ್ರೂ ನಿಲ್ಲುತ್ತೆ. ಹೊಟ್ಟೆತುಂಬ ಊಟ ಮಾಡು.”

ಸಾವಿರ ಎಲೆಗೆ ಬಡಿಸುವ ಜಾಗದಲ್ಲಿ ನಮಗೆ ಸಿಗುವುದು ಕೊನೇ ಪಂಕ್ತಿ ಎದ್ದ ಮೇಲಿನ, ತಳ ಹಿಡಿದ ಸೀಕಲು ಅನ್ನ.

ಆದರೂ ಮತ್ತೆ ಹೋದೆವು, ಬೇರೆ ಕೆಲಸ ಯಾರು ಕೊಡುತ್ತಾರೆ? ಮಾತ್ರೆ ನುಂಗಿ ನಾಲಿಗೆ ಎತ್ತಿ ತೋರಿಸಿ, ಬಚ್ಚಲಿಗೆ ಓಡಿ, ಗಂಟಲಿಗೆ ಬೆರಳು ಹಾಕಿ ಕಾರಿಬಿಡುತ್ತಿದ್ದೆ. ವಾರ ಕಳೆಯಿತು. ಬರಲಿಲ್ಲ. ಡಾಕ್ಟರಮ್ಮ ಸಮಾಧಾನಕ್ಕೆ ಹೇಳಿದ್ದಾರೆ, ನನ್ನ ಒಳಗೆಲ್ಲ ಸುಟ್ಟುಹೋಗಿದೆ ಎಂಬ ಹೆದರಿಕೆಗೆ ಅನ್ನ ಇಳಿಯುತ್ತಿರಲಿಲ್ಲ.

ಶುಕ್ರವಾರದ ಮದುವೆಗೆ ಕಾಯಿ ತುರಿಯುತ್ತಿದ್ದಾಗ ಕಿಬ್ಬೊಟ್ಟೆ ಹಿಂಡಿತು. ತೊಡೆ ಒದ್ದೆಯಾಯಿತು. ಅಬ್ಬಾ! ತುರಿಮಣೆಯ ಮೇಲೇ ಕೂತು ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಮಂಜುಶ್ರೀಗೆ ಮೆಲ್ಲಗೆ ಎಲ್ಲ ಹೇಳಿದೆ. ಅವಳಿಗೆ ಮದುವೆಯಾಗಿ ವರ್ಷವಾಗಿತ್ತು. ಕಾಯಿ ತುರಿಯುವುದನ್ನು ನಿಲ್ಲಿಸಿದಳು.

“ನಂಗೂ ನಿಂತೋಗದೆ ಕಣೇ. ನಮ್ಮತ್ತೆ ಬಂಜೆ ಬಂಜೆ ಅಂತ ಸಾಯಿಸ್ತಾವ್ಳೆ.”

“ಏನ್ರೇ ಗುಸುಗುಸು? ಎದ್ದೇಳ್ರೇ!” ದೊರೆಸ್ವಾಮಿ ಬಂದ. ಎದ್ದೆ. ಚೂಡಿದಾರದ ಮೇಲಿನ ಕಲೆ ಅವನಿಗೆ ಕಂಡಿತು. ಹತ್ತಿರ ಬಂದು ಹಲ್ಲು ಕಚ್ಚಿದ. “ಹಿತ್ತಲ ಬಾಗ್ಲಿಂದ ತೊಲಗು. ಪಂಕ್ತಿ ಕೂತದೆ. ಬಾಯ್ ಬಿಟ್ಯೋ, ಹೂತಾಕ್ಬುಡ್ತೀನಿ.”

ಆದರೂ ನನ್ನ ಕಾಲುಗಳು ಊಟದ ಹಾಲ್ ಕಡೆಗೇ ನಡೆದವು.

“ಸ್ವಾಮೇರೆ! ನಾನು ಮುಟ್ಟಾಗಿವ್ನಿ. ನೀವ್ ತಿಂತಿರೋ ಕೋಸಂಬ್ರೀಗೆ ಕಾಯಿ ತುರ್ದೋಳು ನಾನೇ. ನಿಮ್ಗೆ ಮೈಲಿಗೆ ಆಗ್ಬಾರ್ದು ಅಂತ ಈ ಬೋಳಿಮಗ ನಮ್ಗೆಲ್ಲ ಮಾತ್ರೆ ನುಂಗಿಸಿ ಮುಟ್ಟೇ ನಿಲ್ಲಿಸವ್ನೆ!”

ತುತ್ತು ಎತ್ತಿದ ಕೈಗಳು ಹಾಗೇ ನಿಂತವು. ದೊರೆಸ್ವಾಮಿ ಕೈ ಎತ್ತಿಕೊಂಡು ಓಡಿಬಂದ. ನನ್ನನ್ನು ಹಿಂದಕ್ಕೆ ತಳ್ಳಿ ಅವ್ವ ಅಡ್ಡ ನಿಂತಳು. ಕುಂಬಳಕಾಯಿ ಹೆಚ್ಚುವ ಕತ್ತಿ ಅವಳ ಕೈಯಲ್ಲೇ ಇತ್ತು. ಇನ್ನೊಂದು ಕೈಯಲ್ಲಿ, ಆಸ್ಪತ್ರೆಯಲ್ಲಿ ನನ್ನಿಂದ ಕಿತ್ತಿಟ್ಟುಕೊಂಡಿದ್ದ ಮಾತ್ರೆ ಪಟ್ಟಿ.

“ಬಾಯ್ ತೆಗಿಯೋ ದೊರೆಸ್ವಾಮಿ,” ಎಂದಳು. “ನುಂಗು. ನಾಲಿಗೆ ಎತ್ತು, ನಾನ್ ನೋಡ್ಬೇಕು.”